ಆರು ಕರಪತ್ರಗಳಿಂದ ಹಿಟ್ಲರ್ ಬೀಳಲಿಲ್ಲ. ಹಾಗಾದರೆ ಆ ಮಕ್ಕಳು ಮಾಡಿದ್ದು ವ್ಯರ್ಥವಾ?

ಪ್ರಶ್ನೆ: ನಾವು ಶಿವಮೊಗ್ಗ ಕಡೆಯವರು, ಕೆಲಸದ ಮೇಲೆ ಬಂದು ಮ್ಯೂನಿಕ್‌ನಲ್ಲಿ ನೆಲೆಸಿದ್ದೇವೆ. ಮಗಳಿಗೆ ಹದಿನಾರು. ಹೋದ ತಿಂಗಳು ಶಾಲೆಯವರು ಇಲ್ಲಿನ ಯೂನಿವರ್ಸಿಟಿ ತೋರಿಸಲು ಕರೆದುಕೊಂಡು ಹೋಗಿದ್ದರು. ಅಲ್ಲಿ ಬಾಗಿಲ ಮುಂದೆ ನೆಲದ ಮೇಲೆ ಕರಪತ್ರಗಳು ಚೆಲ್ಲಿದ ಹಾಗೆ ಕಾಣುತ್ತದಂತೆ. ಇವಳು ಬಗ್ಗಿ ಒಂದನ್ನು ಎತ್ತಲು ಹೋದಳಂತೆ. ನೋಡಿದರೆ ಅದು ಕಲ್ಲುಹಾಸಿನಲ್ಲಿ ಕೂರಿಸಿದ್ದು. ಅವತ್ತಿನಿಂದ ಸೋಫಿ ಶೋಲ್ ಜಪ ಶುರುವಾಗಿದೆ. "ನಾನಿದ್ದಿದ್ದರೂ ಅದನ್ನೇ ಮಾಡ್ತಿದ್ದೆ ಅಮ್ಮ" ಅನ್ನುತ್ತಾಳೆ. ನನಗೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯಲ್ಲಿ ತಳಮಳವೂ ಆಗುತ್ತದೆ. ನಮ್ಮ ಮನೆಯವರು "ಹುಚ್ಚು ಹುಡುಗರು, ಕಾಗದ ಹಂಚಿ ತಲೆ ಕೊಟ್ಟರು, ಎರಡು ವರ್ಷ ಸುಮ್ಮನಿದ್ದಿದ್ದರೆ ಯುದ್ಧವೇ ಮುಗಿಯುತ್ತಿತ್ತು" ಅನ್ನುತ್ತಾರೆ. ಊರಿಂದ ಫೋನ್ ಮಾಡಿದ ಮಾವನವರು "ಗಾಂಧಿ ದಾರಿ ಬ್ರಿಟಿಷರ ಹತ್ತಿರ ನಡೆಯಿತು, ಹಿಟ್ಲರ್ ಹತ್ತಿರ ನಡೆಯೋದಿಲ್ಲ" ಅಂತ ಮಾತು ಮುಗಿಸಿಬಿಟ್ಟರು. ನಿಜ ಏನು? ಮಗಳಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಸೇರಿಕೊಂಡಿವೆ. ಆ ಮಕ್ಕಳು ಹುಚ್ಚು ಧೈರ್ಯ ಮಾಡಿದರಾ ಅನ್ನುವುದು ಒಂದು. ಅದರಿಂದ ಏನಾದರೂ ಆಯಿತಾ ಅನ್ನುವುದು ಎರಡು. ಮೂರನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ: ನನ್ನ ಮಗಳು ನಾಳೆ ಯಾವುದಕ್ಕೋ ತಲೆ ಕೊಡುತ್ತಾಳಾ? ಯುರೋಪಿನ ಇತಿಹಾಸ ಪಾಠ ಮಾಡುತ್ತಾ ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ಸೋಫಿ ಮತ್ತು ಅವಳ ಅಣ್ಣ ಹಾನ್ಸ್ ಇದ್ದ, ಹಿಟ್ಲರ್ ವಿರುದ್ಧ ಗುಟ್ಟಾಗಿ ಕರಪತ್ರ ಹಂಚಿದ ಮ್ಯೂನಿಕ್ ವಿದ್ಯಾರ್ಥಿಗಳ ಗುಂಪು 'ಬಿಳಿ ಗುಲಾಬಿ'. ಆ ಪಾಠ ಬಂದ ದಿನ ಪ್ರತಿ ವರ್ಷವೂ ತರಗತಿ ಎರಡು ಭಾಗ ಆಗುತ್ತದೆ. ಅರ್ಧ ಜನ ನಿಮ್ಮ ಮಗಳ ಕಡೆ, ಅರ್ಧ ಜನ ನಿಮ್ಮ ಮನೆಯವರ ಕಡೆ. ಇಬ್ಬರೂ ವಾದ ಮಾಡುವುದು ಸಿನಿಮಾದಂತಹ ಒಂದೇ ಒಂದು ಬೆಳಗಿನ ಬಗ್ಗೆ. ಅದಕ್ಕೆ ಮುಂಚಿನ ಎಂಟು ತಿಂಗಳು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಆ ಬೆಳಗು 1943ರ ಫೆಬ್ರುವರಿ 18, ಗುರುವಾರ. ಹಾನ್ಸ್ ಶೋಲ್‌ಗೆ 24 ವರ್ಷ, ತಂಗಿ ಸೋಫಿಗೆ 21. ಹನ್ನೊಂದು ಗಂಟೆಗೆ ಸ್ವಲ್ಪ ಮುಂಚೆ ಒಂದು ಸೂಟ್‌ಕೇಸ್ ತುಂಬ ಕರಪತ್ರ ತಂದು, ಬಾಗಿಲು ಹಾಕಿದ್ದ ತರಗತಿಗಳ ಎದುರು ಕಟ್ಟುಕಟ್ಟಾಗಿ ಇಟ್ಟರು. ಕೆಲಸ ಮುಗಿಸಿ ಹೊರಟವರು ಉಳಿದ ಕಾಗದಕ್ಕಾಗಿ ಮತ್ತೆ ಮೇಲೆ ಹತ್ತಿದರು. ಸೋಫಿ ಮೇಲಿನ ಕಟ್ಟೆಯಿಂದ ಒಂದು ಕಟ್ಟನ್ನು ಕೆಳಗಿನ ಅಂಗಳಕ್ಕೆ ತಳ್ಳಿದಳು. ಕಾಗದ ಹಾರಿದ್ದನ್ನು ಅಟೆಂಡರ್ ಯಾಕೋಬ್ ಶ್ಮಿಡ್ ನೋಡಿದ. ಇಬ್ಬರನ್ನೂ ಹಿಡಿದುಕೊಟ್ಟ. ಫೆಬ್ರುವರಿ 22ರ ಸೋಮವಾರ ಬೆಳಿಗ್ಗೆ ವಿಚಾರಣೆ. ಅದಕ್ಕೆ ಬರ್ಲಿನ್‌ನಿಂದ ನ್ಯಾಯಾಧೀಶ ರೋಲಾಂಡ್ ಫ್ರೈಸ್ಲರ್ ಖುದ್ದು ಬಂದಿದ್ದ. ಅದೇ ಸಂಜೆ ಸ್ಟಾಡೆಲ್‌ಹೈಮ್ ಜೈಲಿನಲ್ಲಿ ಗಿಲೊಟಿನ್‌ಗೆ, ಅಂದರೆ ತಲೆ ಕಡಿಯುವ ಯಂತ್ರಕ್ಕೆ, ಬಲಿ. ಇವರಿಬ್ಬರ ಜತೆ ಕ್ರಿಸ್ಟೋಫ್ ಪ್ರೋಬ್ಸ್ಟ್ ಕೂಡ. ಅವನಿಗೆ 23 ವರ್ಷ, ಮೂರು ಮಕ್ಕಳ ಅಪ್ಪ. ಮೂರನೆಯ ಮಗು ಹುಟ್ಟಿ ಹೆಚ್ಚು ದಿನ ಆಗಿರಲಿಲ್ಲ, ಹೆಂಡತಿ ಬಾಣಂತಿ ಜ್ವರದಲ್ಲಿ ಮಲಗಿದ್ದಳು. ಅವನು ಬರೆದ ಒಂದು ಕರಡು ಹಾನ್ಸ್ ಜೇಬಿನಲ್ಲಿತ್ತು. ಹಾನ್ಸ್ ಅದನ್ನು ಹರಿದು ಬಾಯಿಗೆ ಹಾಕಿಕೊಂಡು ನುಂಗಲು ನೋಡಿದ, ಆಗಲಿಲ್ಲ. ಚೂರುಗಳನ್ನು ಜೋಡಿಸಿ, ಕೈಬರಹ ನೋಡಿ, ಹಿಟ್ಲರನ ಗುಪ್ತ ಪೊಲೀಸರಾದ ಗೆಸ್ಟಾಪೊದವರು ಪ್ರೋಬ್ಸ್ಟ್‌ನನ್ನು ಹುಡುಕಿದರು.

ಇದನ್ನಷ್ಟೇ ಕೇಳಿದವರಿಗೆ ನಿಮ್ಮ ಮನೆಯವರ ಮಾತು ಸರಿ ಅನ್ನಿಸುತ್ತದೆ, ಅಲ್ವಾ? ಈಗ ಸ್ವಲ್ಪ ಹಿಂದೆ ಹೋಗೋಣ.

ಮೊದಲ ನಾಲ್ಕು ಕರಪತ್ರ ಬಂದದ್ದು 1942ರ ಜೂನ್ ಕೊನೆ ಮತ್ತು ಜುಲೈ ಮಧ್ಯದ ನಡುವೆ. ಬರೆದವರು ಇಬ್ಬರೇ, ಹಾನ್ಸ್ ಮತ್ತು ಅವನ ಗೆಳೆಯ ಅಲೆಕ್ಸಾಂಡರ್ ಶ್ಮೋರೆಲ್. ಇಬ್ಬರೂ ಸೇನೆಯ ಲೆಕ್ಕದಲ್ಲಿ ವೈದ್ಯಕೀಯ ಓದುತ್ತಿದ್ದವರು. ಒಂದೊಂದಕ್ಕೆ ಸುಮಾರು ನೂರು ಪ್ರತಿ. ಟೈಪ್‌ರೈಟರ್‌ನಲ್ಲಿ ಸ್ಟೆನ್ಸಿಲ್ ಕತ್ತರಿಸಿ, ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ ತೆಗೆದದ್ದು. ನಮ್ಮ ಶಾಲೆಗಳಲ್ಲಿ ಪರೀಕ್ಷೆ ಪತ್ರಿಕೆಗೆ ಸೈಕ್ಲೋಸ್ಟೈಲ್ ಮಾಡುತ್ತಿದ್ದರಲ್ಲ, ಅದೇ. ಕೈಗೆ, ತೋಳಿಗೆ ಮಸಿ ಹತ್ತುತ್ತಿತ್ತಲ್ಲ, ಅದೇ. ವಿಳಾಸಗಳನ್ನು ಡೈರೆಕ್ಟರಿಗಳಿಂದ ಕೈಯಲ್ಲಿ ನಕಲು ಮಾಡಿಕೊಂಡರು. ಪ್ರೊಫೆಸರುಗಳು, ಬರಹಗಾರರು, ಹೋಟೆಲ್ ಮಾಲೀಕರು, ಹೀಗೆ ನಾಲ್ಕು ಜನರ ಹತ್ತಿರ ಮಾತಾಡುವವರಿಗೆ ಅಂಚೆಯಲ್ಲಿ ಕಳಿಸಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಯುದ್ಧದ ನಾಲ್ಕನೆಯ ವರ್ಷ ಶುರುವಾಗುವ ಹೊತ್ತು ಅದು. ಕಾಗದಕ್ಕೆ ಕೊರತೆ, ಲಕೋಟೆಗೆ ಕೊರತೆ. ಒಬ್ಬ ವಿದ್ಯಾರ್ಥಿ ಅಂಚೆ ಕಚೇರಿಗೆ ಹೋಗಿ ಇನ್ನೂರು ಸ್ಟ್ಯಾಂಪ್ ಕೇಳಿದರೆ ಕೌಂಟರಿನವನು ತಲೆ ಎತ್ತಿ ಮುಖ ನೋಡುತ್ತಾನೆ. ಅದಕ್ಕೇ ಇವರು ಬೇರೆ ಬೇರೆ ಅಂಚೆ ಕಚೇರಿಗಳಲ್ಲಿ ಸ್ವಲ್ಪ ಸ್ವಲ್ಪವೇ ಕೊಂಡರು. ಸೋಫಿಯ ಕೆಲಸ ಇದೇ ಆಗಿತ್ತು. ದುಡ್ಡಿನ ಲೆಕ್ಕ ಇಡುವುದು, ಕಾಗದ, ಲಕೋಟೆ, ಸ್ಟ್ಯಾಂಪ್ ಹೊಂದಿಸುವುದು, ಊರಿಂದೂರಿಗೆ ಸಾಗಿಸುವುದು. ನಿಮ್ಮ ಮಗಳಿಗೆ ಇದನ್ನು ಖಂಡಿತ ಹೇಳಿ. ಸೋಫಿ ಗುಂಪಿನ ನಾಯಕಿ, ಕರಪತ್ರ ಬರೆದವಳು ಅಂತ ಹಲವರು ನಂಬಿದ್ದಾರೆ. ಹಾಗಲ್ಲ. ಅವಳು ಮಾಡಿದ್ದು ಹೆಸರು ಬಾರದ, ಬೇಸರ ಹಿಡಿಸುವ, ಪ್ರತಿದಿನ ಸಿಕ್ಕಿಬೀಳಬಹುದಾದ ಕೆಲಸ. ನನಗೆ ಅವಳ ಬಗ್ಗೆ ಗೌರವ ಹೆಚ್ಚಿದ್ದೇ ಇದನ್ನು ತಿಳಿದ ಮೇಲೆ.

1943ರ ಜನವರಿಯಲ್ಲಿ ಐದನೆಯ ಕರಪತ್ರ ಬಂತು. ಈ ಸಲ ನೂರಲ್ಲ, ಆರರಿಂದ ಒಂಬತ್ತು ಸಾವಿರ ಪ್ರತಿ. ಎಲ್ಲ ಮ್ಯೂನಿಕ್‌ನಿಂದಲೇ ಅಂಚೆಗೆ ಬಿದ್ದರೆ ಜಾಡು ಸಿಗುತ್ತದೆ. ಅದಕ್ಕೆ ರೈಲಿನಲ್ಲಿ ಆಗ್ಸ್‌ಬರ್ಗ್, ಸ್ಟುಟ್‌ಗಾರ್ಟ್, ಸಾಲ್ಜ್‌ಬರ್ಗ್, ಲಿಂಜ್, ವಿಯೆನ್ನಾಗೆ ಒಯ್ದು ಅಲ್ಲಲ್ಲಿಂದಲೇ ಹಾಕಿದರು. ಇಡೀ ದೇಶದಲ್ಲಿ ದೊಡ್ಡ ಸಂಘಟನೆ ಇದೆ ಅಂತ ಪೊಲೀಸರಿಗೆ ಅನ್ನಿಸಲಿ ಅನ್ನುವ ಲೆಕ್ಕವೂ ಇತ್ತು. ರೈಲಿನಲ್ಲಿ ತಪಾಸಣೆ ಬಿಗಿ. ಸೂಟ್‌ಕೇಸನ್ನು ಒಂದು ಬೋಗಿಯಲ್ಲಿ ಇಟ್ಟು ತಾವು ಇನ್ನೊಂದರಲ್ಲಿ ಕೂರುತ್ತಿದ್ದರು. ಉಲ್ಮ್ ಊರಿನಲ್ಲಿ ಹಾನ್ಸ್ ಹಿರ್ಜೆಲ್ ಮತ್ತು ಫ್ರಾಂಜ್ ಮ್ಯುಲ್ಲರ್ ಅನ್ನುವ ಇಬ್ಬರು ಹೈಸ್ಕೂಲ್ ಹುಡುಗರು ಚರ್ಚಿನ ಆರ್ಗನ್ ವಾದ್ಯದ ಹಿಂದೆ ಅಡಗಿ ಕೂತು ಲಕೋಟೆಗಳ ಮೇಲೆ ವಿಳಾಸ ಬರೆದರು. ಇವರಿಬ್ಬರೂ ನಿಮ್ಮ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಷ್ಟೇ. ಇಬ್ಬರಿಗೂ ಐದೈದು ವರ್ಷ ಜೈಲಾಯಿತು.

ಹೀಗೆ ಎಚ್ಚರಿಕೆಯಿಂದ ಇದ್ದವರನ್ನು ಹುಚ್ಚರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಫೆಬ್ರುವರಿ 18ರ ಬೆಳಿಗ್ಗೆ ಮಾತ್ರ ಆ ಎಚ್ಚರಿಕೆ ಯಾಕೆ ತಪ್ಪಿತು ಅನ್ನುವುದಕ್ಕೆ ಇವತ್ತಿಗೂ ಒಂದೇ ಉತ್ತರ ಇಲ್ಲ. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಸೋತು ಎರಡು ವಾರ ಆಗಿತ್ತು. ಅದಕ್ಕೂ ಮುಂಚೆ, ಜನವರಿ 13ರಂದು, ಪ್ರಾಂತ್ಯದ ನಾಜಿ ಮುಖಂಡ ಪೌಲ್ ಗೀಸ್ಲರ್ ಯೂನಿವರ್ಸಿಟಿಯ ಸಮಾರಂಭದಲ್ಲಿ ಹುಡುಗಿಯರಿಗೆ "ಓದೋದು ಬಿಟ್ಟು ಫ್ಯೂರರ್‌ಗೆ ಮಗು ಹೆತ್ತುಕೊಡಿ" ಅನ್ನುವ ಧಾಟಿಯಲ್ಲಿ ಅಸಹ್ಯವಾಗಿ ಮಾತಾಡಿದ್ದ. ಹುಡುಗಿಯರು ಎದ್ದು ಹೊರಟರು, ಗಲಾಟೆ ಆಯಿತು. ನಾಜಿ ಆಡಳಿತದಲ್ಲಿ ವಿದ್ಯಾರ್ಥಿಗಳು ಹಾಗೆ ಎಲ್ಲರೆದುರು ಸಿಡಿದದ್ದು ಬಹಳ ಅಪರೂಪ. ಇನ್ನೇನು ಎಲ್ಲರೂ ಏಳುತ್ತಾರೆ ಅಂತ ಹಾನ್ಸ್‌ಗೆ ಅನ್ನಿಸಿರಬೇಕು. ರಾತ್ರಿ ಹೊತ್ತು ಲುಡ್ವಿಗ್‌ಸ್ಟ್ರಾಸೆಯ ಗೋಡೆಗಳ ಮೇಲೆ 'ಹಿಟ್ಲರ್‌ಗೆ ಧಿಕ್ಕಾರ', 'ಸ್ವಾತಂತ್ರ್ಯ' ಅಂತ ಬರೆದೂ ಇದ್ದರು. ನನ್ನ ಪ್ರಕಾರ ಅವರು ಜನರ ಮನಸ್ಸನ್ನು ತಪ್ಪಾಗಿ ಅಳೆದರು. ಅದನ್ನು ಮಗಳಿಂದ ಮುಚ್ಚಿಡಬೇಡಿ. ಫೆಬ್ರುವರಿ 22ರ ಸಂಜೆ ಅದೇ ಯೂನಿವರ್ಸಿಟಿಯಲ್ಲಿ ನೂರಾರು ವಿದ್ಯಾರ್ಥಿಗಳು ಸೇರಿದರು. ಚಪ್ಪಾಳೆ ತಟ್ಟಿದ್ದು ಅಟೆಂಡರ್ ಶ್ಮಿಡ್‌ಗೆ.

ಈ ಚಪ್ಪಾಳೆಯ ವಿಷಯ ಹೇಳಿದಾಗಲೆಲ್ಲ ತರಗತಿ ಮೌನ ಆಗುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಸರ್ವಾಧಿಕಾರ ನಿಲ್ಲುವುದು ಬರೀ ಬಂದೂಕಿನ ಮೇಲೆ ಅಂತ ನಾವು ಅಂದುಕೊಳ್ಳುತ್ತೇವೆ. ಗೆಸ್ಟಾಪೊ ಬಗ್ಗೆ ಕೇಳಿದ್ದು ನೋಡಿದರೆ ಮನೆಗೊಬ್ಬ ಗೂಢಚಾರ ಇದ್ದ ಅನ್ನಬೇಕು. ನಿಜ ಹೇಳಬೇಕೆಂದರೆ ಅವರ ಸಿಬ್ಬಂದಿ ಊರಿನ ಗಾತ್ರಕ್ಕೆ ತೀರಾ ಕಡಿಮೆ. ಅವರಿಗೆ ಕಿವಿಯಾಗಿದ್ದವರು ಪಕ್ಕದ ಮನೆಯವರು, ಸಹೋದ್ಯೋಗಿಗಳು, ಅಟೆಂಡರುಗಳು. ಸೋಫಿಯ ಅಪ್ಪ ರಾಬರ್ಟ್ ಶೋಲ್ 1942ರಲ್ಲಿ ಜೈಲಿಗೆ ಹೋದದ್ದೂ ಹೀಗೇ. ಕಚೇರಿಯಲ್ಲಿ ಹಿಟ್ಲರ್ ಬಗ್ಗೆ ಆಡಿದ ಒಂದು ಮಾತನ್ನು ಅವರ ಕೈಕೆಳಗಿನ ಉದ್ಯೋಗಿಯೇ ಹೋಗಿ ಹೇಳಿದಳು. ಇಂಥ ಕಡೆ ಏನಾಗುತ್ತದೆ ನೋಡಿ. ಒಬ್ಬನಿಗೆ ಆಳುವವರ ಮೇಲೆ ಅಸಹ್ಯ ಇರುತ್ತದೆ. ಪಕ್ಕದವನಿಗೂ ಇರುತ್ತದೆ. ಇಬ್ಬರೂ ಹೇಳಿಕೊಳ್ಳುವುದಿಲ್ಲ. ಇಬ್ಬರಿಗೂ "ನಾನೊಬ್ಬನೇ ಹೀಗೆ, ಉಳಿದವರೆಲ್ಲ ಅವರ ಕಡೆ" ಅನ್ನಿಸುತ್ತಾ ಹೋಗುತ್ತದೆ. ಸಾವಿರಾರು ಜನ ಹೀಗೆ ಒಬ್ಬೊಬ್ಬರೇ ಕೂತಿರುತ್ತಾರೆ.

ಅಂಚೆಯಲ್ಲಿ ಬಂದ ಒಂದು ಹಾಳೆ ಹೊಡೆದದ್ದು ಅಲ್ಲಿಗೆ. ಎರಡನೆಯ ಕರಪತ್ರದಲ್ಲಿ ಅವರು ಸ್ಪಷ್ಟವಾಗಿ ಬರೆದರು: ಪೋಲೆಂಡ್ ಗೆದ್ದ ಮೇಲೆ ಅಲ್ಲಿ ಮೂರು ಲಕ್ಷ ಯಹೂದಿಗಳನ್ನು ಕೊಂದಿದ್ದಾರೆ ಅಂತ. ಇದು 1942ರ ಬೇಸಿಗೆ. "ನಮಗೇನೂ ಗೊತ್ತಿರಲಿಲ್ಲ" ಅಂತ ಯುದ್ಧ ಮುಗಿದ ಮೇಲೆ ಹೇಳಿದವರು ಎಷ್ಟೋ ಜನ. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ ಗೊತ್ತಾಗಿತ್ತು, ಅವರು ಅದನ್ನು ಟೈಪ್ ಮಾಡಿ ಮನೆಮನೆಗೆ ಕಳಿಸಿದ್ದರು. ಹಾಗಂತ ಓದಿದವರೆಲ್ಲ ಎಚ್ಚೆತ್ತರು ಅಂದರೆ ಸುಳ್ಳಾಗುತ್ತದೆ. ಮೊದಲ ಕರಪತ್ರದ ನೂರರಲ್ಲಿ 35 ಪ್ರತಿಗಳನ್ನು ಪಡೆದವರೇ ಪೊಲೀಸರಿಗೆ ಒಪ್ಪಿಸಿದರು. ಆದರೆ ಉಳಿದ 65 ಪೊಲೀಸರ ಕೈ ಸೇರಲಿಲ್ಲ. ಅಂಥ ಹಾಳೆ ಮನೆಯಲ್ಲಿ ಸಿಕ್ಕಿದರೂ ಜೈಲಾಗುವ ಕಾಲದಲ್ಲಿ ಆ 65 ಚಿಕ್ಕ ಸಂಖ್ಯೆ ಅಲ್ಲ.

ಈಗ ಮಾವನವರ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. 1938ರ ನವೆಂಬರ್‌ನಲ್ಲಿ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಜರ್ಮನಿಯ ಯಹೂದಿಗಳು ಸತ್ಯಾಗ್ರಹ ಮಾಡಬೇಕು ಅಂತ ಬರೆದಿದ್ದರು. ನಾಜಿಗಳಿಂದ ದೇಶ ಬಿಟ್ಟಿದ್ದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ ಮುಂದಿನ ಫೆಬ್ರುವರಿಯಲ್ಲಿ ಉದ್ದದ ಉತ್ತರ ಬರೆದರು. ಯಾತನಾ ಶಿಬಿರ ಅಂದರೆ ಏನು ಅಂತ ತಮಗೆ ಗೊತ್ತೇ ಅನ್ನುವುದು ಅದರ ತಿರುಳು. ಆ ನೋವಿನ ಪ್ರಶ್ನೆಗೆ ನನ್ನ ಹತ್ತಿರವೂ ಸಮಾಧಾನ ಇಲ್ಲ. ಎರಡು ಆಡಳಿತಗಳ ವ್ಯತ್ಯಾಸ ಕಾಣಬೇಕಾದರೆ ಉಷಾ ಮೆಹ್ತಾ ಅವರನ್ನು ನೆನಪಿಸಿಕೊಳ್ಳಿ. ಸೋಫಿಗಿಂತ ಒಂದು ವರ್ಷ ದೊಡ್ಡವರು, ವಿದ್ಯಾರ್ಥಿನಿ. ಅದೇ 1942ರಲ್ಲಿ, ಅದೇ ಯುದ್ಧದ ನಡುವೆ, ಮುಂಬಯಿಯಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿ ನವೆಂಬರ್‌ನಲ್ಲಿ ಸಿಕ್ಕಿಬಿದ್ದರು. ನಾಲ್ಕು ವರ್ಷ ಜೈಲಾಯಿತು. ಹೊರಬಂದು, ಓದು ಮುಂದುವರಿಸಿ, ಪ್ರೊಫೆಸರ್ ಆಗಿ 2000ದವರೆಗೆ ಬದುಕಿದರು. ಸೋಫಿಗೆ ಸಿಕ್ಕಿಬಿದ್ದ ಮೇಲೆ ಉಳಿದದ್ದು ನಾಲ್ಕೇ ದಿನ. ಬ್ರಿಟಿಷರು ಮೃದುವಾಗಿದ್ದರು ಅಂತಲ್ಲ. 1942ರಲ್ಲಿ ನಮ್ಮ ಊರುಗಳಲ್ಲೂ ಗುಂಡು ಹಾರಿದೆ, ಮುಂದಿನ ವರ್ಷ ನೇಣೂ ಬಿದ್ದಿದೆ, ಈಸೂರಿನ ಹೆಸರು ನಿಮ್ಮ ಮಾವನವರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಆ ವ್ಯತ್ಯಾಸ ನಿಜ.

ಮಾವನವರು ಬಿಟ್ಟ ಅರ್ಧ ಏನೆಂದರೆ, ನಾಜಿಗಳ ಎದುರೂ ಅಹಿಂಸೆ ಕೆಲವು ಕಡೆ ನಡೆದಿದೆ. 1942ರಲ್ಲಿ ನಾರ್ವೆಯಲ್ಲಿ ನಾಜಿಗಳ ಕೈಗೊಂಬೆಯಾಗಿದ್ದ ಕ್ವಿಸ್ಲಿಂಗ್‌ನ ಸರ್ಕಾರ ಶಿಕ್ಷಕರೆಲ್ಲ ತನ್ನ ಸಂಘಕ್ಕೆ ಸೇರಬೇಕು ಅಂತ ಕಾನೂನು ಮಾಡಿತು. ಸಾವಿರಾರು ಶಿಕ್ಷಕರು ಒಂದೇ ಒಕ್ಕಣೆಯ ಪತ್ರ ಬರೆದು "ಆಗುವುದಿಲ್ಲ" ಅಂದರು. ಸುಮಾರು 1,100 ಜನರನ್ನು ಹಿಡಿದರು, ಸುಮಾರು 500 ಜನರನ್ನು ಹಡಗಿನಲ್ಲಿ ತುಂಬಿ ದೂರದ ಉತ್ತರದ ಚಳಿಗೆ ಸಾಗಿಸಿದರು. ಉಳಿದವರು ಮಣಿಯಲಿಲ್ಲ. ಆ ಸಂಘ ಕಾಗದದ ಮೇಲೇ ಉಳಿಯಿತು, ಶಿಕ್ಷಕರು ವಾಪಸ್ ಬಂದರು. ಬರ್ಲಿನ್‌ನಲ್ಲೇ, ಸೋಫಿ ಸತ್ತ ಐದು ದಿನಕ್ಕೆ, ಯಹೂದಿ ಗಂಡಂದಿರನ್ನು ಹಿಡಿದಿಟ್ಟಿದ್ದ ರೋಸೆನ್‌ಸ್ಟ್ರಾಸೆ ಕಟ್ಟಡದ ಎದುರು ಅವರ ಯಹೂದಿಗಳಲ್ಲದ ಹೆಂಡತಿಯರು ಬಂದು ನಿಂತರು. ಒಂದು ವಾರ ಕದಲಲಿಲ್ಲ. ಗಂಡಂದಿರಲ್ಲಿ ಹೆಚ್ಚಿನವರು ಬಿಡುಗಡೆ ಆದರು. ಹೆಂಗಸರ ಒತ್ತಡಕ್ಕೇ ಬಿಟ್ಟರಾ, ಬೇರೆ ಕಾರಣ ಇತ್ತಾ ಅಂತ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಆ ಹೆಂಗಸರ ಮೇಲೆ ಗುಂಡು ಹಾರಲಿಲ್ಲ ಅನ್ನುವುದರಲ್ಲಿ ಜಗಳ ಇಲ್ಲ.

ಈ ಎರಡು ಕಡೆ ಜನ ಜಾಸ್ತಿ ಇದ್ದರು, ಬಹಿರಂಗವಾಗಿ ನಿಂತರು, ಆಳುವವರಿಗೆ ಅವರು ಬೇಕಾಗಿದ್ದರು. ಶಿಕ್ಷಕರಿಲ್ಲದೆ ಶಾಲೆ ನಡೆಯುವುದಿಲ್ಲ. ಜರ್ಮನ್ ಹೆಂಗಸರನ್ನು ರಾಜಧಾನಿಯ ಬೀದಿಯಲ್ಲಿ ಹೊಡೆದರೆ ಯುದ್ಧಕ್ಕೆ ಹೋದ ಗಂಡಸರು ಏನಂದಾರು ಅನ್ನುವ ಅಳುಕು. ಬಿಳಿ ಗುಲಾಬಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಅವರು ಬೆರಳೆಣಿಕೆ ಜನ. ಅಹಿಂಸೆ ಹಿಡಿದದ್ದಕ್ಕೆ ಸೋತರು ಅಂತ ನಾನು ಒಪ್ಪುವುದಿಲ್ಲ, ಒಂಟಿಯಾಗಿದ್ದದ್ದಕ್ಕೆ ಸೋತರು. ಬಾಂಬ್ ಹಿಡಿದವರೂ ಸೋತರಲ್ಲ! ಅದೇ ಮ್ಯೂನಿಕ್‌ನಲ್ಲಿ 1939ರ ನವೆಂಬರ್ 8ರಂದು ಗೇಯೋರ್ಗ್ ಎಲ್ಸರ್ ಅನ್ನುವ ಬಡಗಿ ಒಬ್ಬನೇ ಬಾಂಬ್ ಇಟ್ಟ. ಹಿಟ್ಲರ್ 13 ನಿಮಿಷ ಮುಂಚೆ ಎದ್ದು ಹೋದ, ಬೇರೆ ಎಂಟು ಜನ ಸತ್ತರು. 1944ರ ಜುಲೈ 20ರಂದು ಸೇನಾಧಿಕಾರಿಗಳೇ ಬಾಂಬ್ ಇಟ್ಟರು, ಅದೂ ಆಗಲಿಲ್ಲ.

ಹಾಗಾದರೆ 1942ರಲ್ಲಿ ಒಬ್ಬ ವಿದ್ಯಾರ್ಥಿಗೆ ಇದ್ದ ದಾರಿ ಯಾವುದು? ಸುಮ್ಮನಿರಬಹುದಿತ್ತು. ನಿಮ್ಮ ಮನೆಯವರು ಹೇಳುವುದು ಅದನ್ನೇ, ಹೆಚ್ಚಿನವರು ಮಾಡಿದ್ದೂ ಅದನ್ನೇ. ಅದರಲ್ಲಿ ಅಪಾಯ ಇರಲಿಲ್ಲ ಅನ್ನಬೇಡಿ. ಸುಮ್ಮನಿದ್ದ ಹುಡುಗರನ್ನು ಹಿಡಿದು ಯುದ್ಧಕ್ಕೆ ಕಳಿಸುತ್ತಿದ್ದರು. ಹಾನ್ಸ್, ಶ್ಮೋರೆಲ್ ಮತ್ತು ಗುಂಪಿನ ಇನ್ನೊಬ್ಬ ವೈದ್ಯಕೀಯ ವಿದ್ಯಾರ್ಥಿ ವಿಲ್ಲಿ ಗ್ರಾಫ್ 1942ರ ಬೇಸಿಗೆಯಲ್ಲಿ ರಷ್ಯಾದ ರಣಭೂಮಿಗೆ ಹೋಗಿ ಬಂದರು. ದಾರಿಯಲ್ಲಿ, ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋ ನೋಡಿದರು. ನೋಡಿದ ಮೇಲಂತೂ ಸುಮ್ಮನಿರುವುದು ಅವರಿಂದ ಆಗಲಿಲ್ಲ. ಯಹೂದಿ ಕುಟುಂಬವನ್ನು ಬಚ್ಚಿಡಬಹುದಿತ್ತು, ಆದರೆ ಅದಕ್ಕೆ ಸ್ವಂತ ಮನೆ, ಹೆಚ್ಚಿನ ರೇಷನ್, ನಂಬುವ ನೆರೆಹೊರೆ ಬೇಕು. ಫ್ಯಾಕ್ಟರಿಯಲ್ಲಿ ಕೆಲಸ ಕೆಡಿಸಬಹುದಿತ್ತು. ಮೂರನೆಯ ಕರಪತ್ರ ಅದನ್ನೇ ಮಾಡಿ ಅನ್ನುತ್ತದೆ. ಇನ್ನು ಉಳಿದದ್ದು ಬರೆಯುವುದು. ಓದುವ ಮಕ್ಕಳ ಕೈಯಲ್ಲಿ ಇದ್ದದ್ದು ಅದೊಂದೇ.

ಆದರೆ ಅಪಾಯ ಬರೆದವನ ತಲೆಗೆ ಮಾತ್ರ ಇರಲಿಲ್ಲ. ಇದನ್ನು ಮಗಳ ಹತ್ತಿರ ಕೂತು ಮಾತಾಡಬೇಕು. ಶೋಲ್ ಅಪ್ಪ, ಅಮ್ಮ, ಅಕ್ಕಂದಿರನ್ನು ಜೈಲಿಗೆ ಹಾಕಿದರು. ಸ್ಟುಟ್‌ಗಾರ್ಟ್‌ನ ಓಯ್ಗೆನ್ ಗ್ರಿಮ್ಮಿಂಗರ್ ಇವರಿಗೆ 500 ಮಾರ್ಕ್ ಕೊಟ್ಟಿದ್ದರು. ಅವರಿಗೆ ಹತ್ತು ವರ್ಷ ಜೈಲಾಯಿತು. ಗಂಡನ ರಕ್ಷಣೆ ತಪ್ಪಿದ ಯಹೂದಿ ಹೆಂಡತಿ ಯೆನ್ನಿಯನ್ನು ಆಶ್ವಿಟ್ಜ್ ಯಾತನಾ ಶಿಬಿರಕ್ಕೆ ಒಯ್ದು ಕೊಂದರು. ಈ ಲೆಕ್ಕ ಹಾನ್ಸ್‌ಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದರೆ ದುಡ್ಡು ಕೇಳಬೇಕಿತ್ತಾ? ಹದಿನಾರು ವರ್ಷದವಳು ಈ ಪ್ರಶ್ನೆ ಹೊರಬಲ್ಲಳು. "ನಾನೂ ಮಾಡ್ತಿದ್ದೆ" ಅನ್ನುವ ಮಾತು ಇಲ್ಲಿಗೆ ಬಂದಾಗ ಅವಳು ಒಂದು ನಿಮಿಷ ಸುಮ್ಮನಾದರೆ, ಅದು ಹೇಡಿತನ ಅಲ್ಲ.

ಇನ್ನೊಂದು ವಿಷಯ ಅವಳಿಗೆ ತಿಳಿಸಿ. ಹಾನ್ಸ್ ಮತ್ತು ಸೋಫಿ ಚಿಕ್ಕಂದಿನಲ್ಲಿ ಹಿಟ್ಲರನ ಯುವಕ ಯುವತಿ ಸಂಘಟನೆಗಳಲ್ಲಿ ಖುಷಿಯಿಂದ ಇದ್ದವರು, ಗುಂಪಿಗೆ ಮುಂದಾಳುಗಳೂ ಆಗಿದ್ದವರು. ಅಪ್ಪ ಬೇಡ ಅಂದರೂ ಕೇಳಿರಲಿಲ್ಲ. ಅವರು ಬದಲಾದದ್ದು ವರ್ಷಗಟ್ಟಲೆ ನೋಡಿ, ಓದಿ, ಜಗಳವಾಡಿ. ಸರಿಯಾದ ಕಡೆಯಲ್ಲೇ ಹುಟ್ಟಿ ಬೆಳೆದವರ ಕಥೆ ಅಲ್ಲ ಇದು.

ಎರಡು ವರ್ಷ ಸುಮ್ಮನಿದ್ದಿದ್ದರೆ ಅನ್ನುವ ಮಾತಿಗೆ ಕೊನೆಯದಾಗಿ ಇದನ್ನು ಹೇಳುತ್ತೇನೆ. ಆರನೆಯ ಕರಪತ್ರ ಬರೆದವರು ಪ್ರೊಫೆಸರ್ ಕುರ್ಟ್ ಹೂಬರ್. ಅವರನ್ನೂ ಶ್ಮೋರೆಲ್‌ನನ್ನೂ 1943ರ ಜುಲೈ 13ರಂದು ಕೊಂದರು. ಆ ಕರಪತ್ರದ ಒಂದು ಪ್ರತಿ ಹೆಲ್ಮುಟ್ ಫಾನ್ ಮೋಲ್ಟ್ಕೆ ಅನ್ನುವ ವಕೀಲರ ಕೈ ಸೇರಿ, ಸ್ಕ್ಯಾಂಡಿನೇವಿಯಾ ಮೂಲಕ ಇಂಗ್ಲೆಂಡಿಗೆ ಹೋಯಿತು. ಆ ಬೇಸಿಗೆಯಲ್ಲಿ ಬ್ರಿಟಿಷ್ ವಿಮಾನಗಳು ಅದನ್ನು ಲಕ್ಷಗಟ್ಟಲೆ ಅಚ್ಚು ಹಾಕಿಸಿ ಜರ್ಮನಿಯ ಮೇಲೆ ಚೆಲ್ಲಿದವು. ಮ್ಯೂನಿಕ್‌ನಲ್ಲೇ ರಸಾಯನಶಾಸ್ತ್ರ ಓದುತ್ತಿದ್ದ ಹಾನ್ಸ್ ಲೈಪೆಲ್ಟ್ ಮತ್ತು ಮಾರೀ ಲೂಯಿಸೆ ಯಾನ್ ಆ ಕರಪತ್ರವನ್ನು ಮತ್ತೆ ಟೈಪ್ ಮಾಡಿ, ಮೇಲೆ 'ಆದರೂ ಅವರ ಚೈತನ್ಯ ಬದುಕಿದೆ' ಅಂತ ಸೇರಿಸಿ ಹಂಚಿದರು. ಹೂಬರ್ ಅವರ ಹೆಂಡತಿ ಮಕ್ಕಳು ಗತಿಯಿಲ್ಲದೆ ಉಳಿದಿದ್ದರು. ಅವರಿಗಾಗಿ ಈ ವಿದ್ಯಾರ್ಥಿಗಳು ಗುಟ್ಟಾಗಿ ಚಂದಾ ಎತ್ತಿದರು. ದುಡ್ಡು ಕೊಟ್ಟವರೂ ಇದ್ದರು. ಆ ಚಂದಾ ವಿಷಯವೇ ಹೊರಬಿದ್ದು ಲೈಪೆಲ್ಟ್ ಸಿಕ್ಕಿಬಿದ್ದ. 1945ರ ಜನವರಿ 29ರಂದು ಅವನನ್ನೂ ಕೊಂದರು.

ನಿಮ್ಮ ಭಯಕ್ಕೆ ನನ್ನ ಸಲಹೆ ಇಷ್ಟೇ. ಮಗಳನ್ನು ತಡೆಯಬೇಡಿ, ಜತೆಗೆ ಹೋಗಿ. ಯೂನಿವರ್ಸಿಟಿ ಅಂಗಳದ ಪಕ್ಕದಲ್ಲೇ ಬಿಳಿ ಗುಲಾಬಿಯ ಪುಟ್ಟ ಸ್ಮಾರಕ ಕೋಣೆ ಇದೆ. ಸ್ಟಾಡೆಲ್‌ಹೈಮ್ ಜೈಲಿನ ಮಗ್ಗುಲಲ್ಲಿ ಪೆರ್ಲಾಖರ್ ಫಾರ್ಸ್ಟ್ ಸ್ಮಶಾನ ಇದೆ. ಹಾನ್ಸ್, ಸೋಫಿ, ಕ್ರಿಸ್ಟೋಫ್ ಅಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಅಲ್ಲಿ ನಿಂತಾಗ ಮಗಳಿಗೆ ವಿಲ್ಲಿ ಗ್ರಾಫ್ ಬಗ್ಗೆ ಹೇಳಿ, ಅವನ ಹೆಸರು ಅವಳು ಕೇಳಿರುವುದು ಕಡಿಮೆ. ಏಪ್ರಿಲ್‌ನಲ್ಲಿ ಮರಣದಂಡನೆ ವಿಧಿಸಿದ್ದರೂ ಅವನನ್ನು ಅಕ್ಟೋಬರ್ 12ರವರೆಗೆ ಜೀವಂತ ಇಟ್ಟಿದ್ದರು, ಇನ್ನಷ್ಟು ಹೆಸರು ಬಾಯಿಬಿಡಿಸಬೇಕು ಅಂತ. ಅವನು ಒಂದು ಹೆಸರನ್ನೂ ಹೇಳಲಿಲ್ಲ. ಆ ಆರು ತಿಂಗಳು ಹೊರಗೆ ಕೆಲವರು ರಾತ್ರಿ ಬಾಗಿಲು ತಟ್ಟುವ ಸದ್ದಿಗೆ ಕಾಯುತ್ತಾ ಇದ್ದರು. ಯಾರೂ ತಟ್ಟಲಿಲ್ಲ.